ಶಾಲು ಮಾರುವವನ ಮನವಿ

ನಾನು ಶಾಲು ಮಾರುವವನು. ಅದರ ಜೊತೆಗೆ ಮೈಸೂರು ಪೇಟ, ಗಂಧದ ಹಾರ, ಗಾಜಿನ ಸ್ಮರಣಿಕೆ, ಹಣ್ಣಿನ ಬುಟ್ಟಿಗೆ ಸುತ್ತುವ ಬಣ್ಣದ ಕಾಗದ. ದೊಡ್ಡ ಗಿರಾಕಿ ಬಂದರೆ ಹಾವೇರಿಯಿಂದ ಏಲಕ್ಕಿ ಹಾರವನ್ನೂ ತರಿಸಿಕೊಡುತ್ತೇನೆ. ಊರಿನಲ್ಲಿ ಯಾರಿಗೆ ಎಷ್ಟು ಮರ್ಯಾದೆ ಎಂಬುದು ಊರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನೂರೈವತ್ತರ ಶಾಲು ಕೊಡಲೋ, ಆರುನೂರರದ್ದೋ ಎಂದು ಕೇಳಿದಾಗ ಗಿರಾಕಿ ಅರೆಗಳಿಗೆ ಸುಮ್ಮನಾಗುತ್ತಾನಲ್ಲ, ತೀರ್ಮಾನವಾಗುವುದು ಆಗಲೇ. ನಿವೃತ್ತರಾಗಿ ಹೋಗುವ ಸಾಹೇಬರಿಗೆ ನೂರೈವತ್ತು, ವರ್ಗವಾಗಿ ಬರುವ ಸಾಹೇಬರಿಗೆ ಆರುನೂರು. ಇಷ್ಟು ವರ್ಷಗಳಲ್ಲಿ ಈ ದರಪಟ್ಟಿ ಬದಲಾದದ್ದನ್ನು ನಾನು ಕಂಡಿಲ್ಲ.

ಸರ್ಕಾರದ ನೀತಿ ಎಂಬುದು 2021ರ ಆಗಸ್ಟ್‌ವರೆಗೆ ನನಗೆ ಪತ್ರಿಕೆಯ ಒಳಪುಟದ ಸುದ್ದಿಯಾಗಿತ್ತು. ಆ ತಿಂಗಳು, ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಇನ್ನೂ ಕುರ್ಚಿ ಬಿಸಿಯಾಗುವ ಮೊದಲೇ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕೆಂದಿದ್ದರೆ ಕನ್ನಡ ಪುಸ್ತಕ ಕೊಡಿ ಎಂಬ ಸುತ್ತೋಲೆ ಹೊರಟಿತು. ಹೂ ಬೆಳೆಗಾರರು ದನಿ ಎತ್ತಿದರು. ಶಾಲಿನವರ ಪರವಾಗಿ ಎತ್ತಲು ಯಾರಿದ್ದಾರೆ? ಸರ್ಕಾರ ಬದಲಾದರೆ ಸರಿಹೋದೀತು ಎಂದು ಕಾದೆ. 2023ರ ಮೇ ತಿಂಗಳಲ್ಲಿ ಬದಲಾಯಿತು. ಹೊಸ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದೇ ತಿಂಗಳು, ಇನ್ನು ಮುಂದೆ ಹೂವನ್ನಾಗಲಿ ಶಾಲನ್ನಾಗಲಿ ಸ್ವೀಕರಿಸುವುದಿಲ್ಲ, ಪ್ರೀತಿಯಿದ್ದರೆ ಪುಸ್ತಕ ಕೊಡಿ ಎಂದರು. ಎರಡು ಪಕ್ಷಗಳು ಒಮ್ಮತಕ್ಕೆ ಬಂದದ್ದೂ ಉಂಟು, ಅದು ನನ್ನ ಅಂಗಡಿಯ ವಿಷಯದಲ್ಲಿ.

ಸರಿ, ನಾನೂ ಪುಸ್ತಕ ಇಟ್ಟೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೊಂದು ಪುಣ್ಯ. ಆದರೆ ಗಿರಾಕಿಗಳು ಕೇಳುವುದು ಲೇಖಕರನ್ನಲ್ಲ, ದಪ್ಪವನ್ನು. ‘ಸಾಹೇಬರಿಗೆ ಕೊಡುವುದು, ಫೋಟೊದಲ್ಲಿ ಕಾಣುವಂತಿರಲಿ’ ಎಂದು ಎರಡು ಬೆರಳಗಲಿಸಿ ಅಳತೆ ತೋರಿಸುತ್ತಾರೆ. ಒಬ್ಬರು ಹೊದಿಕೆಯ ಅಂದಕ್ಕೆ ಮರುಳಾಗಿ, ಮೂಲವ್ಯಾಧಿಯ ಮನೆಮದ್ದುಗಳ ಪುಸ್ತಕವನ್ನು ವೇದಿಕೆಯ ಮೇಲೆ ಹಿರಿಯ ಎಂಜಿನಿಯರೊಬ್ಬರಿಗೆ ಅರ್ಪಿಸಿದರು. ಎಂಜಿನಿಯರರು ಮರುದಿನ ಅಂಗಡಿಗೆ ಫೋನ್ ಮಾಡಿ, ಈ ವಿಷಯ ನಿಮಗೆ ಹೇಳಿದವರು ಯಾರು ಎಂದು ಕೇಳಿದರು.

ಇಂಥ ಕಾಲದಲ್ಲಿ ಪಕ್ಕದ ಪಾತ್ರೆ ಅಂಗಡಿಯವರು ನನ್ನನ್ನು ವರ್ತಕರ ಸಂಘಕ್ಕೆ ಸೇರಿಸಿದರು. ಒಬ್ಬರೇ ಕೂಗಿದರೆ ಸರ್ಕಾರಕ್ಕೆ ಕೇಳುವುದಿಲ್ಲ, ಸಂಘದ ಮೂಲಕ ಕೂಗಬೇಕು ಎಂಬುದು ಅವರ ವಾದ. ಸಂಘದವರು ತಿಂಗಳಿಗೊಮ್ಮೆ ಬೆಳಿಗ್ಗೆ ಏಳಕ್ಕೆ ಇಡ್ಲಿ ವಡೆಯ ಜೊತೆ ‘ನೆಟ್‌ವರ್ಕಿಂಗ್’ ನಡೆಸುತ್ತಾರೆ. ಪ್ರತಿಯೊಬ್ಬರೂ ಎದ್ದು ಒಂದು ನಿಮಿಷ ತಮ್ಮ ವ್ಯಾಪಾರದ ಬಗ್ಗೆ ಹೇಳಬೇಕು. ನನ್ನ ಮೊದಲ ಸಭೆಯಲ್ಲಿ ಮೂವತ್ತೆರಡು ಜನರಿದ್ದರು, ಒಂಬತ್ತು ಮಂದಿ ವಿಮಾ ಏಜೆಂಟರು. ಅವರು ಒಬ್ಬರಿಗೊಬ್ಬರು ಪಾಲಿಸಿ ವಿವರಿಸುತ್ತಿದ್ದ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನು ವಿಸಿಟಿಂಗ್ ಕಾರ್ಡ್ ಹಂಚಿದೆ. ಅರ್ಧ ಹಂಚಿದ ಮೇಲೆ ನೋಡಿದರೆ, ಹಿಂದಿನ ವಾರದ ಸಭೆಯೊಂದರಲ್ಲಿ ನನಗೆ ಬಂದಿದ್ದ ಕಾರ್ಡುಗಳೂ ಆ ಕಟ್ಟಿನಲ್ಲೇ ಸೇರಿಕೊಂಡಿದ್ದವು. ಹೀಗಾಗಿ ಊರಿನ ಹತ್ತು ಹದಿನೈದು ಗಣ್ಯರು ನನ್ನನ್ನು ಈಗಲೂ ಬೋರ್‌ವೆಲ್ ಕೊರೆಯುವವನು ಎಂದೇ ತಿಳಿದಿದ್ದಾರೆ.

ಅಂದಿನ ತಿಂಡಿಯ ಹಣ ಎತ್ತುವಾಗ ಇನ್ನೊಂದು ಪೀಕಲಾಟ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿತ್ತಲ್ಲ, ಬೇಕರಿ, ಕಾಂಡಿಮೆಂಟ್ಸ್‌ಗಳ ಗೋಡೆಯ ಮೇಲೆ ‘ನಗದು ಮಾತ್ರ’ ಎಂಬ ಚೀಟಿಗಳು ಹತ್ತಿದ್ದವಲ್ಲ, ಆ ನೆನಪು ಯಾರಿಗೂ ಆರಿರಲಿಲ್ಲ. ತೆರಿಗೆ ಇಲ್ಲದ ಹಾಲು, ತರಕಾರಿಗಳಿಗೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಸಭೆ ಕರೆದು ಹೇಳಿದ ಮೇಲೂ ಭಯ ಹೋಗಿರಲಿಲ್ಲ. ಕ್ಯೂಆರ್ ಕೋಡ್ ತೋರಿಸಿ ಎಂದೊಡನೆ ಖಜಾಂಚಿಗಳು ಕೈ ತೊಳೆಯಲು ಹೋದವರು ಬರಲೇ ಇಲ್ಲ. ಕೊನೆಗೆ ಹೊಸ ಸದಸ್ಯನ ಕೋಡ್‌ಗೆ ಎಲ್ಲರೂ ಹಣ ಹಾಕಿದರು. ಹೊಸ ಸದಸ್ಯ ಯಾರು ಎಂದು ಹೇಳಬೇಕಾಗಿಲ್ಲ.

ಜನವರಿಯಲ್ಲಿ ಬಜೆಟ್ ಪೂರ್ವ ಸಮಾಲೋಚನೆ. ಮಂತ್ರಿಗಳೊಬ್ಬರು ಬಂದು ವರ್ತಕರ ಅಹವಾಲು ಕೇಳುತ್ತಾರೆ, ಸಣ್ಣ ವ್ಯಾಪಾರಿಗಳ ಪರವಾಗಿ ನೀವು ಎರಡು ನಿಮಿಷ ಮಾತನಾಡಿ ಎಂದು ಅಧ್ಯಕ್ಷರು ನನಗೆ ಹೇಳಿದರು. ನಾನು ನಾಲ್ಕು ರಾತ್ರಿ ಕೂತು ಮನವಿ ಬರೆದೆ. ಸರ್ಕಾರಿ ಸಭೆಗಳಲ್ಲಿ ಕೈಮಗ್ಗದ ಶಾಲಿಗಾದರೂ ವಿನಾಯಿತಿ ಕೊಡಿ, ಸನ್ಮಾನಿತರಿಗೆ ಬೆಚ್ಚಗಾಗುತ್ತದೆ, ನೇಕಾರನಿಗೆ ಊಟವಾಗುತ್ತದೆ ಎಂಬುದು ಸಾರಾಂಶ. ಐದನೆಯ ರಾತ್ರಿ ಕಾರ್ಯದರ್ಶಿಗಳ ಫೋನ್ ಬಂತು. ಇಪ್ಪತ್ತೊಂದು ಶಾಲು, ಇಪ್ಪತ್ತೊಂದು ಪೇಟ, ಇಪ್ಪತ್ತೊಂದು ಸ್ಮರಣಿಕೆ. ಇದು ಸಂಘದ ಸಭೆ, ಸುತ್ತೋಲೆ ನಮಗೆ ತಟ್ಟುವುದಿಲ್ಲ ಎಂದರು. ಹಣ ಆಮೇಲೆ.

ಸಭೆ ಹತ್ತೂವರೆಗೆ ಶುರುವಾಗಬೇಕಿತ್ತು, ಹನ್ನೆರಡಕ್ಕೆ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ ಕಥೆಯಿಂದ ಅಧ್ಯಕ್ಷರು ಆರಂಭಿಸಿದರು. ಅವರು ಯಾವ ಭಾಷಣವನ್ನೂ ಅಲ್ಲಿಂದಲೇ ಆರಂಭಿಸುತ್ತಾರೆ, ಮೊಮ್ಮಗನ ನಾಮಕರಣದಲ್ಲೂ ಕೇಳಿದ್ದೇನೆ. ಅದಾದ ಮೇಲೆ ಸನ್ಮಾನ. ಒಬ್ಬೊಬ್ಬರಿಗೆ ಎರಡು ನಿಮಿಷ, ಅಂದರೆ ಸರ್ಕಾರ ಸಣ್ಣ ವ್ಯಾಪಾರಿಗಳೆಲ್ಲರಿಗೂ ಸೇರಿಸಿ ಕೊಟ್ಟಷ್ಟೇ ಕಾಲ. ಹತ್ತೊಂಬತ್ತನೆಯವರ ಹೊತ್ತಿಗೆ ಮಾಜಿ ಅಧ್ಯಕ್ಷರೊಬ್ಬರು ಕರೆಯದೆ ವೇದಿಕೆ ಹತ್ತಿ ಕೂತರು. ಕಾರ್ಯದರ್ಶಿಗಳು ದೂರದಿಂದ ನನ್ನ ಕಡೆ ಒಂದು ಬೆರಳು ಎತ್ತಿದರು. ಒಂದು ಶಾಲು ಕಡಿಮೆ!

ನಾನು ಪರದೆಯ ಹಿಂದಿನಿಂದ ಹೋಗಿ, ಕುರ್ಚಿಗಳ ಬೆನ್ನ ಹಿಂದೆ ಬಗ್ಗಿ ನಡೆದು, ಮೂರನೆಯ ಗಣ್ಯರು ತೆಗೆದು ಕುರ್ಚಿಗೆ ಹಾಕಿದ್ದ ಶಾಲನ್ನು ಮೆಲ್ಲಗೆ ಎಳೆದೆ. ಅದರ ಒಂದು ಅಂಚಿನ ಮೇಲೆ ಅವರು ಕೂತಿದ್ದರು. ಇನ್ನೊಮ್ಮೆ ಎಳೆದೆ. ಅವರು ತಿರುಗಿ ನೋಡಿ, ನನ್ನನ್ನು ಗುರುತು ಹಿಡಿದು, ‘ನಮ್ಮ ತೋಟದ ಬೋರ್‌ವೆಲ್ ಯಾವಾಗ ನೋಡುತ್ತೀರಿ?’ ಎಂದರು. ನಾಳೆ ಎಂದೆ. ಶಾಲು ಬಂತು. ಮಡಚಿ, ಧೂಳು ಕೊಡವಿ, ಇಪ್ಪತ್ತೆರಡನೆಯವರ ಮರ್ಯಾದೆ ಉಳಿಸಿದೆ.

ಇಷ್ಟರಲ್ಲಿ ಮಂತ್ರಿಗಳಿಗೆ ಮುಂದಿನ ಊರಿನ ಹೊತ್ತಾಗಿತ್ತು. ಭಾಷಣ ಬೇಡ, ಬರೆದದ್ದನ್ನು ಕೊಟ್ಟುಬಿಡಿ ಎಂದರು. ಸಂಘದ ಮನವಿಯಲ್ಲಿ ನಾಲ್ಕನೆಯ ಬೇಡಿಕೆ ನನಗೆ ಬಹಳ ಇಷ್ಟವಾದದ್ದು. 2006ರ ಎಂಎಸ್‌ಎಂಇ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ, ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ ಕೊಳ್ಳುವವರು 45 ದಿನದೊಳಗೆ ಹಣ ಕೊಡಬೇಕು. 2021ರಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳನ್ನೂ ಎಂಎಸ್‌ಎಂಇ ಎಂದು ಸೇರಿಸಿಕೊಂಡರು, ಆದರೆ ಆದ್ಯತಾ ವಲಯದ ಬ್ಯಾಂಕ್ ಸಾಲದ ಮಟ್ಟಿಗೆ ಮಾತ್ರ. ಆ 45 ದಿನದ ರಕ್ಷಣೆ ವ್ಯಾಪಾರಿಗಳಿಗೂ ಸಿಗುವಂತೆ ಕೇಂದ್ರಕ್ಕೆ ಶಿಫಾರಸು ಮಾಡಬೇಕು ಎಂದು ಸಂಘ ಕೇಳಿತ್ತು. ನಾನೂ ನೂಕುನುಗ್ಗಲಿನಲ್ಲಿ ನನ್ನ ಲಕೋಟೆಯನ್ನು ಮಂತ್ರಿಗಳ ಕೈಗಿಟ್ಟು, ಇನ್ನೊಂದು ಲಕೋಟೆಯನ್ನು ಕಾರ್ಯದರ್ಶಿಗಳಿಗೆ ಕೊಟ್ಟು, ಅಂಗಡಿ ತೆರೆಯಲು ಓಡಿದೆ.

45 ದಿನ ಕಳೆಯಿತು, 60 ಕಳೆಯಿತು. ಸಂಘದಿಂದ ಹಣ ಬರಲಿಲ್ಲ. ಕೇಳಿದರೆ, ನಿಮ್ಮ ಬಿಲ್ಲಿನಲ್ಲಿ ಮೊತ್ತವೇ ಇಲ್ಲ, ನೇಕಾರರ ಕಷ್ಟ ಮಾತ್ರ ಇದೆ ಎಂದು ಲೆಕ್ಕಪರಿಶೋಧಕರು ಆಕ್ಷೇಪಣೆ ಹಾಕಿದ್ದಾರೆ ಎಂದರು. ಎದೆ ಧಸಕ್ಕೆಂದಿತು. ಹಾಗಾದರೆ ಮಂತ್ರಿಗಳ ಕೈಗೆ ಹೋದದ್ದು?

ಅದು ಏಪ್ರಿಲ್‌ನಲ್ಲಿ ವಾಪಸು ಬಂತು, ನನಗಲ್ಲ, ಸಂಘಕ್ಕೆ. ಮೂರು ಕಚೇರಿಗಳ ಮೊಹರು, ನಾಲ್ಕು ಬಣ್ಣದ ಶಾಯಿಯ ಸಹಿ. ಮೇಲೆ ‘ಅರ್ಜಿದಾರರ ಬಾಕಿ ಕುರಿತು ನಿಯಮಾನುಸಾರ ಕ್ರಮ ಕೈಗೊಂಡು ವರದಿ ಸಲ್ಲಿಸುವುದು’ ಎಂಬ ಷರಾ. ಕೆಳಗೆ ನನ್ನ ಕೈಬರಹ: ಶಾಲು 21, ಪೇಟ 21, ಸ್ಮರಣಿಕೆ 21, ಆಟೊ ಬಾಡಿಗೆ 180. ಕಾರ್ಯದರ್ಶಿಗಳು ಆ ಸಂಜೆಯೇ ಅಂಗಡಿಗೆ ಬಂದು, ಎರಡು ಸಲ ಎಣಿಸಿ, ನಗದು ಕೊಟ್ಟು, ವರದಿ ಕಳಿಸಲು ರಸೀದಿಗೆ ಸಹಿ ಹಾಕಿಸಿಕೊಂಡರು. ನಮ್ಮ ಸಂಘ ಕೊಟ್ಟ ಮನವಿಗಳಲ್ಲಿ ಸರ್ಕಾರ ಕ್ರಮ ಕೈಗೊಂಡದ್ದು ಇದೇ ಮೊದಲಂತೆ.

ಈ ಸಾಧನೆಗಾಗಿ ವಾರ್ಷಿಕ ಸಭೆಯಲ್ಲಿ ನನ್ನನ್ನು ಸನ್ಮಾನಿಸುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಬರುವಾಗ ಶಾಲು ನೀವೇ ತಂದುಬಿಡಿ ಎಂದು ಕಾರ್ಯದರ್ಶಿಗಳು ನಿನ್ನೆ ಫೋನ್ ಮಾಡಿದ್ದರು. ಎಷ್ಟರ ಶಾಲು ತರಲಿ ಎಂದು ಕೇಳಿದೆ. ಅವರು ಅರೆಗಳಿಗೆ ಸುಮ್ಮನಾದರು.