ಹಿಂದೆ ನಿಂತವನ ಕಿವಿಗೂ ಒಂದು ಕಾಗದ

ಕಾರಿಗೆ ಹೊಸ ಎಕ್ಸಾಸ್ಟ್, ಅಂದರೆ ಹೊಗೆ ಹೊರಬಿಡುವ ಕೊಳವೆ ಮತ್ತು ಸೈಲೆನ್ಸರ್, ಹಾಕಿಸಿದ್ದೆ. ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ದಾವಣಗೆರೆಯಿಂದ ಚಿಕ್ಕಪ್ಪನ ಮಗನ ಉತ್ತರ ತಕ್ಷಣ ಬಂತು. "ಅಣ್ಣಾ, ಲಕ್ಷ ರೂಪಾಯಿ ಕೊಟ್ಟು ಸೌಂಡ್ ಕಮ್ಮಿ ಮಾಡಿಸ್ಕಂಡ್ಯೇನು?" ಅದರ ಹಿಂದೆಯೇ ಅತ್ತೆ ಬರೆದರು: "ಅದೇ ಚಲೋ ಬಿಡಪ್ಪ. ಇವನ ಬುಲೆಟ್ ಗೇಟಿಗೆ ಬಂದ್ರೆ ಮಲಗಿದ ಕೂಸು ಎದ್ದು ಕೂರ್ತೈತಿ."

ನಗು ಬಂತು. ಸ್ವಲ್ಪ ಉರಿಯಿತು ಕೂಡ. ಯಾಕೆಂದರೆ ಆ ಎಕ್ಸಾಸ್ಟ್ ಆರಿಸಲು ನಾನು ಪಟ್ಟ ಪಾಡು ಅವನಿಗೆ ಗೊತ್ತಿಲ್ಲ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಪೋರ್ಷೆ, ಮರ್ಸಿಡಿಸ್ ಕಂಪನಿಗಳ ಊರು. ನನ್ನದು ಮಾತ್ರ ಸೆಕೆಂಡ್ ಹ್ಯಾಂಡ್ ಮಜ್ದಾ ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಟಾಪು, 2 ಲೀಟರ್ ಎಂಜಿನ್, 184 ಹಾರ್ಸ್‌ಪವರ್. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಓಡಿಸಲು ಬಲು ಮಜಾ, ಆದರೆ ಕಂಪನಿ ಕೊಟ್ಟ ಸದ್ದು ತೀರಾ ಸಪ್ಪೆ. ಮೊದಲು ಹೋದ ಅಂಗಡಿಯಲ್ಲಿ ನಾನು ಕೇಳಿದ್ದು ಸದ್ದಿನ ಬಗ್ಗೆ. ಅವರು ಮಾತು ಶುರು ಮಾಡಿದ್ದು ಕಾಗದದಿಂದ.

ಇಲ್ಲಿ ಎಕ್ಸಾಸ್ಟ್ ಎಂದರೆ ಬರೀ ಕೊಳವೆಯಲ್ಲ. ಅದರ ಮೇಲೆ ಯುರೋಪಿನ ಒಪ್ಪಿಗೆ ಸೂಚಿಸುವ 'ಇ' ಅಕ್ಷರದ ಗುರುತು ಕೊರೆದಿರಬೇಕು, ಇಲ್ಲವೇ ನಿಮ್ಮ ಮಾಡೆಲ್‌ಗೆ ಇದು ಸರಿ ಎನ್ನುವ ಒಪ್ಪಿಗೆ ಪತ್ರ ಜೊತೆಗಿರಬೇಕು. ಎರಡೂ ಇಲ್ಲದಿದ್ದರೆ ಟ್ಯೂಫ್‌ನಂಥ ತಪಾಸಣೆ ಸಂಸ್ಥೆಗೆ ಗಾಡಿ ಒಯ್ದು, ಪರೀಕ್ಷೆ ಮಾಡಿಸಿ, ಗಾಡಿಯ ಕಾಗದದಲ್ಲಿ ಬರೆಸಬೇಕು. ನಮ್ಮ ಆರ್‌ಸಿಯಂಥ ಆ ಕಾಗದದಲ್ಲಿ, ನಿಂತಿರುವಾಗ ಈ ಗಾಡಿ ಎಷ್ಟು ಡೆಸಿಬಲ್ ಸದ್ದು ಮಾಡುತ್ತದೆ ಎನ್ನುವುದಕ್ಕೇ ಒಂದು ಕಾಲಂ ಇದೆ. ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಎಂದೂ ಬರೆದಿರುತ್ತದೆ. ಪೊಲೀಸರಿಗೆ ಅನುಮಾನ ಬಂದರೆ ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆದು, ಆ ಸಂಖ್ಯೆಗೆ ತಾಳೆ ನೋಡುತ್ತಾರೆ. ಅಲ್ಲಿಗೆ ಮುಗಿಯಿತು. ವಾದವಿಲ್ಲ, 'ಬಿಡಿ ಸಾರ್' ಇಲ್ಲ.

ಮೊದಲು ಇದು ದೊಡ್ಡ ಕಿರಿಕಿರಿ ಅನಿಸಿತ್ತು. ಆಮೇಲೆ ನನ್ನದೇ ಮಾಡೆಲ್ ಇಟ್ಟುಕೊಂಡ ಹಿರಿಯರೊಬ್ಬರು ಪರಿಚಯವಾದರು. "ಹೊರಗೆ ನಿಂತು ಕೇಳಿ ಪ್ರಯೋಜನವಿಲ್ಲ, ಬಂದು ಕೂರು" ಎಂದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೈವೇಗೆ ಹೊರಟರು. ಟಾಪ್ ಮುಚ್ಚಿ, ಆರನೇ ಗೇರಿನಲ್ಲಿ, ಗಂಟೆಗೆ 120ರಿಂದ 130 ಕಿಲೋಮೀಟರ್ ವೇಗ. ಎಂಜಿನ್ ಮೂರು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತಿತ್ತು. ಕೆಟ್ಟ ಎಕ್ಸಾಸ್ಟ್ ಆಗಿದ್ದರೆ ಅಲ್ಲೇ ಒಂದು ಗುಂಯ್ ಎನ್ನುವ ಮೊರೆತ ಶುರುವಾಗುತ್ತದೆ. ಡ್ರೋನ್ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ತಲೆ ಹಿಡಿದುಕೊಳ್ಳುತ್ತದೆ. ಅವರ ಕಾರಿನಲ್ಲಿ ಅದು ಇರಲಿಲ್ಲ. ಅದಕ್ಕೆಂದೇ ಕೊಳವೆಯ ಪಕ್ಕಕ್ಕೆ ಬಾಯಿ ಮುಚ್ಚಿದ ಇನ್ನೊಂದು ಕೊಳವೆ ಬೆಸೆದಿರುತ್ತಾರೆ. ಅದರೊಳಗೆ ಹೋದ ಅಲೆ ಗೋಡೆಗೆ ಬಡಿದು ಉಲ್ಟಾ ಬಂದು, ಆ ಒಂದು ಮೊರೆತವನ್ನು ಮಾತ್ರ ಹೊಡೆದು ಹಾಕುತ್ತದೆ. ಅದರ ಉದ್ದ ಲೆಕ್ಕ ಹಾಕಿ ಇಟ್ಟಿರಬೇಕು. ಲೆಕ್ಕ ತಪ್ಪಿದರೆ ಇದ್ದೂ ಇಲ್ಲದಂತೆ.

ನನಗೆ ಹೊಳೆದಿದ್ದು ಆಗಲೇ. ನಮ್ಮೂರಲ್ಲಿ ಸೈಲೆನ್ಸರ್ ಆರಿಸುವುದು ಗಾಡಿಯ ಹಿಂದೆ ನಿಂತು. ಊರಿನ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಾವು ಮಾಡಿದ್ದೂ ಅದೇ. ಮೆಕ್ಯಾನಿಕ್ ಆಕ್ಸಿಲರೇಟರ್ ತಿರುವುತ್ತಾನೆ, ನಾವು ನಾಲ್ಕು ಜನ ಹಿಂದೆ ನಿಂತು ತಲೆ ಆಡಿಸುತ್ತೇವೆ. "ಪಂಜಾಬಿ ಹಾಕ್ಸು, ಇಂದೋರಿ ಬ್ಯಾಡ." ಎರಡೂ ಬುಲೆಟ್ ಸೈಲೆನ್ಸರ್‌ಗಳ ಹೆಸರು. ಸದ್ದು ಬೀದಿಗೆ ಕೇಳಬೇಕು, ಅಷ್ಟೇ. ಪಿ.ಬಿ. ರೋಡಿನಲ್ಲಿ ಹೋದರೆ ಬೆಣ್ಣೆ ದೋಸೆ ತಿನ್ನುತ್ತಿರುವವರೂ ತಿರುಗಿ ನೋಡಬೇಕು. ಓಡಿಸುವವನಿಗೆ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಆರಿಸುವವನು ಒಳಗೆ ಕೂತು ಆರಿಸುತ್ತಾನೆ. ಹಿಂದೆ ನಿಂತವನ ಪರವಾಗಿ ಕಾಗದ ಮಾತಾಡುತ್ತದೆ.

ಹಾಗಾಗಿ ನಾನು ಕ್ಯಾಟ್‌ಬ್ಯಾಕ್ ಮಾತ್ರ ಬದಲಿಸಿದೆ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಗೇ ಇಟ್ಟು, ಅದರಿಂದ ಹಿಂದಿನ ಕೊಳವೆ ಮತ್ತು ಸದ್ದು ತಗ್ಗಿಸುವ ಮಫ್ಲರ್ ಅಷ್ಟೇ. ಟರ್ಬೊ ಇಲ್ಲದ ಎಂಜಿನ್ನಿಗೆ ಇದರಿಂದ ಸಿಗುವ ಶಕ್ತಿ ಬಹಳ ಕಡಿಮೆ. ಇಪ್ಪತ್ತು ಹಾರ್ಸ್‌ಪವರ್ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಿ. ಟರ್ಬೊ ಇದ್ದರೆ ಮಾತು ಬೇರೆ. ಅಲ್ಲಿ ಟರ್ಬೊದ ಹಿಂದಿನ ಡೌನ್‌ಪೈಪ್ ಬದಲಿಸಿ, ಎಂಜಿನ್ನಿನ ಕಂಪ್ಯೂಟರ್ ಟ್ಯೂನ್ ಮಾಡಿಸಿದರೆ ನಿಜವಾಗಿಯೂ ಫರಕು ಗೊತ್ತಾಗುತ್ತದೆ. ಹೊಗೆ ಪರೀಕ್ಷೆಯ ತಲೆನೋವೂ ಅಲ್ಲೇ ಶುರು.

ಕೊಳವೆ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು ನಮ್ಮೂರ ಹುಡುಗರ ನಂಬಿಕೆ. ಹೊಗೆಗೆ ಒಂದಿಷ್ಟು ತಡೆ ಇರಲೇಬೇಕು, 'ಬ್ಯಾಕ್ ಪ್ರೆಶರ್ ಬೇಕೇ ಬೇಕು' ಅನ್ನುವುದು ಹಳೇ ಮೆಕ್ಯಾನಿಕ್‌ಗಳ ನಂಬಿಕೆ. ಎರಡೂ ಪೂರ್ತಿ ಸರಿಯಲ್ಲ. ಸಿಲಿಂಡರಿನಿಂದ ಹೊರಟ ಪ್ರತಿ ಹೊಗೆಯ ಗುಟುಕು ತನ್ನ ಹಿಂದೆ ಒತ್ತಡ ಕಮ್ಮಿ ಮಾಡಿ ಮುಂದಿನದನ್ನು ಎಳೆದುಕೊಳ್ಳುತ್ತದೆ. ಕೊಳವೆ ಅತಿ ದಪ್ಪವಾದರೆ ಹೊಗೆಯ ವೇಗ ಇಳಿದು ಆ ಎಳೆತ ಸಡಿಲವಾಗುತ್ತದೆ. ಸಣ್ಣ ಆರ್‌ಪಿಎಂನಲ್ಲಿ ಗಾಡಿ ಸೋಮಾರಿಯಾಗುತ್ತದೆ. ತೆಳ್ಳಗಾದರೆ ಮೇಲೆ ಉಸಿರು ಕಟ್ಟುತ್ತದೆ. ಬಗ್ಗಿಸಿದ ಕಡೆ ಕೊಳವೆ ಚಪ್ಪಟೆಯಾಗಿದೆಯೇ ಎಂದೂ ನೋಡಬೇಕು. ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದಾದರೆ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ. ಉಕ್ಕಿನಲ್ಲಿ 304 ಗ್ರೇಡ್ ಕೊಂಡೆ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಗ್ಗದ 409 ಗ್ರೇಡ್ ಬೇಗ ತುಕ್ಕು ಹಿಡಿಯುತ್ತದೆ. ಸ್ಲೊವೇನಿಯಾದ ಅಕ್ರಾಪೊವಿಚ್ ಮಾಡುವ ಟೈಟಾನಿಯಂ ಎಕ್ಸಾಸ್ಟ್‌ಗಳನ್ನು ದೂರದಿಂದ ನೋಡಿ ಕೈ ಮುಗಿದೆ.

ಈಗ ಊರಿನ ಮಾತು. ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಇಲ್ಲಿಗಿಂತ ಖಡಕ್ಕಾಗಿಯೇ ಇದೆ. ಆರ್‌ಸಿಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಜರ್ಮನಿಯಲ್ಲೂ ಗಲಾಟೆ ಮಾಡಬಾರದ ಹೊತ್ತು ಹತ್ತರಿಂದ ಆರೇ! ಗಡಿಯಾರ ಎರಡೂ ಕಡೆ ಒಂದೇ ಸಮಯ ತೋರಿಸುತ್ತದೆ. ನಮ್ಮೂರಲ್ಲಿ ಅದನ್ನು ನೋಡುವವರಿಲ್ಲ.

ಗ್ಯಾಸ್ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ಬರೆಸಬಹುದು. ಸೈಲೆನ್ಸರ್ ಬದಲಿಸಿ ಬರೆಸಲು ಆರ್‌ಟಿಓ ಆಫೀಸಿಗೆ ಹೋದವನನ್ನು ನಾನಂತೂ ನೋಡಿಲ್ಲ. ಹಾಗಾಗಿ ಒಳ್ಳೆಯದನ್ನು ಹಾಕಿದವನೂ ತಪ್ಪಿತಸ್ಥ, ಒಳಗಿನ ಜಾಲರಿ ಕಿತ್ತು ಬಿಸಾಕಿದವನೂ ತಪ್ಪಿತಸ್ಥ. ಇಬ್ಬರಿಗೂ ಒಂದೇ ಶಿಕ್ಷೆ ಅಂದಮೇಲೆ ಯಾರು ದುಡ್ಡು ಕೊಟ್ಟು ಒಳ್ಳೆಯದನ್ನು ಕೊಳ್ಳುತ್ತಾರೆ? ಎರಡು ಸಾವಿರದ ಡಬ್ಬಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಆಮೇಲೆ ಒಂದು ದಿನ ಪೊಲೀಸರು ರಸ್ತೆ ಮೇಲೆ ಸಾಲಾಗಿ ಸೈಲೆನ್ಸರ್ ಜೋಡಿಸಿ ರೋಡ್ ರೋಲರ್ ಹತ್ತಿಸುತ್ತಾರೆ. ಪೇಪರಿನಲ್ಲಿ ಫೋಟೋ ಬರುತ್ತದೆ. ಮರುವಾರ ಅದೇ ಅಂಗಡಿ, ಅದೇ ಡಬ್ಬಿ. ವಿಡಿಯೋ ನೋಡುವಾಗೆಲ್ಲ ನನಗೆ ರೇಗುತ್ತದೆ. ಇಂತಿಷ್ಟು ಡೆಸಿಬಲ್ ಒಳಗಿರುವ, ಪರೀಕ್ಷೆ ಆದ ಮಾಲು ಇದು, ಹಾಕಿಕೋ ಎನ್ನುವ ಒಂದು ದಾರಿ ಬಿಡಲು ಏನು ಕಷ್ಟ? ಗಾಡಿ ಪರೀಕ್ಷೆ ಮಾಡುವ ದೊಡ್ಡ ಸಂಸ್ಥೆ ಎಆರ್‌ಎಐ ಪುಣೆಯಲ್ಲೇ ಇದೆ. ನಮ್ಮ ಪಿ.ಬಿ. ರೋಡ್ ಹಿಡಿದು ನೆಟ್ಟಗೆ ಹೋದರೆ ಸಿಗುವ ಊರು.

ಡೆಸಿಬಲ್ ಲೆಕ್ಕವೂ ನಮ್ಮ ಹುಡುಗರಿಗೆ ಯಾರೂ ಹೇಳಿಕೊಟ್ಟಿಲ್ಲ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಮ್ಮಿ ಎರಡು ಪಟ್ಟು. 'ಬರೀ ಹತ್ತು ಜಾಸ್ತಿ ಅಷ್ಟೇ ಅಲ್ವಾ' ಅನ್ನುವವನು ಬೀದಿಗೆ ಇನ್ನೊಂದು ಗಾಡಿ ಸೇರಿಸಿದಂತೆ ಎಂದುಕೊಂಡಿರುತ್ತಾನೆ. ಅಷ್ಟು ಏರಬೇಕಾದರೆ ಅಂಥವೇ ಹತ್ತು ಗಾಡಿ ಒಟ್ಟಿಗೆ ನಿಲ್ಲಬೇಕು.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ವಿಷಯ ಒಪ್ಪಿಕೊಳ್ಳಲೇಬೇಕು. ಮನಸ್ಸಿಲ್ಲದೆ ಒಪ್ಪುತ್ತಿದ್ದೇನೆ. ಇಲ್ಲಿ ದುಬಾರಿ ಕಾರುಗಳ ಎಕ್ಸಾಸ್ಟ್ ಒಳಗೆ ವಾಲ್ವ್ ಇರುತ್ತದೆ. ಮುಚ್ಚಿದರೆ ಬೆಕ್ಕು, ತೆರೆದರೆ ಹುಲಿ. ಪರೀಕ್ಷೆ ನಡೆಯುವ ವೇಗದಲ್ಲಿ ಮುಚ್ಚಿಕೊಂಡಿದ್ದು, ಮಿಕ್ಕ ಕಡೆ ತೆರೆದುಕೊಳ್ಳುವಂಥವು ಎಷ್ಟೋ ಬಂದವು. ಆಮೇಲೆ ನಿಯಮ ಬಿಗಿ ಮಾಡಬೇಕಾಯಿತು. ಶನಿವಾರ ರಾತ್ರಿ ನಮ್ಮ ಬೀದಿಯಲ್ಲಿ ಗುಡುಗಿಕೊಂಡು ಹೋಗುವ ಕಾರುಗಳಲ್ಲಿ ಹೆಚ್ಚಿನವಕ್ಕೆ ಕಾಗದ ಸರಿಯಾಗಿಯೇ ಇರುತ್ತದೆ. ಆಸ್ಟ್ರಿಯಾದ ಟಿರೋಲ್‌ನವರು ಇದರಿಂದ ಬೇಸತ್ತು, 2020ರ ಜೂನ್‌ನಲ್ಲಿ ಕೆಲವು ರಸ್ತೆಗಳಿಗೆ 95 ಡೆಸಿಬಲ್ ಮೀರಿದ ಬೈಕುಗಳು ಬರಲೇಬಾರದು ಎಂದರು. ಕಾನೂನು ಪ್ರಕಾರ ಒಪ್ಪಿಗೆ ಪಡೆದ ಬೈಕುಗಳೂ ಅದರಲ್ಲಿ ಸೇರಿದ್ದವು.

ಇನ್ನೊಂದು, ಹಿಂದೆ ನಿಂತು ಕೇಳುವುದರಲ್ಲೂ ವಿದ್ಯೆ ಇದೆ. ಊರಿಗೆ ಹೋಗಿದ್ದಾಗ ಅಪ್ಪನ ಹಳೇ ಕಾರು ಯಾಕೋ ಚಟಚಟ ಅನ್ನುತ್ತಿತ್ತು. ಹದಡಿ ರಸ್ತೆಯ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಎಂಜಿನ್ ಚಾಲೂ ಇಡಿಸಿ, ಹಿಂದೆ ಹೋಗಿ, ಬಟ್ಟೆಯ ಉಂಡೆಯಿಂದ ಕೊಳವೆಯ ಬಾಯಿ ಒತ್ತಿ ಹಿಡಿದು ಕಿವಿ ಕೊಟ್ಟರು. "ಮುಂದ್ಗಡೆ ಗ್ಯಾಸ್ಕೆಟ್ ಹೋಗೇತಿ ಸಾರ್, ಸೈಲೆನ್ಸರ್ ಚೆನ್ನಾಗೈತಿ, ಸುಮ್ನೆ ಬದಲಾಯ್ಸಬ್ಯಾಡ್ರಿ." ಬಿಚ್ಚಿ ನೋಡಿದರೆ ಅದೇ. ಕಂಪ್ಯೂಟರ್ ತಗುಲಿಸಲಿಲ್ಲ, ಲಿಫ್ಟ್ ಇರಲಿಲ್ಲ. ಸೈಲೆನ್ಸರ್ ಮಾರಿ ಲಾಭ ಮಾಡುವ ಅವಕಾಶವನ್ನೂ ಬಿಟ್ಟುಕೊಟ್ಟರು.

ಇಲ್ಲಿ ತಪಾಸಣೆಗೆ ನನ್ನ ಕಾರನ್ನು ಲಿಫ್ಟಿಗೆ ಏರಿಸಿದವರು ಟಾರ್ಚ್ ಹಿಡಿದು ಎಕ್ಸಾಸ್ಟ್ ಮೇಲಿನ ನಂಬರ್ ಓದಿದರು. ಕಾಗದದ ನಂಬರಿಗೆ ತಾಳೆಯಾಯಿತು. ಟಿಕ್ ಹಾಕಿ, ಸಹಿ ಮಾಡಿ, ಇಳಿಸಿದರು. ಎಂಜಿನ್ ಚಾಲೂ ಮಾಡಲೇ ಇಲ್ಲ.