ಏರದ ವರ್ಷಾಶನ, ಏರಿದ ಜೈಲು

ದಿನಸಿ ಚೀಟಿ ಹಿಡಿದು ಬೆಲೆ ಏರಿಕೆಗೆ ಗೊಣಗುವವರು ಒಮ್ಮೆ ಕೆನಡಾ ಕಡೆ ನೋಡಬೇಕು. ನೆಲ ಬಿಟ್ಟುಕೊಟ್ಟ ಮೂಲನಿವಾಸಿಗಳಿಗೆ ಅಲ್ಲಿನ ಸರ್ಕಾರ 1875ರಲ್ಲಿ ತಲೆಗೆ ವರ್ಷಕ್ಕೆ ನಾಲ್ಕು ಡಾಲರ್ ವರ್ಷಾಶನ ಎಂದು ಗೊತ್ತು ಮಾಡಿತು. ಆಮೇಲೆ ಎರಡು ಮಹಾಯುದ್ಧ ಬಂದುಹೋದವು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದ. ನಾಲ್ಕು ಡಾಲರ್ ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಹ್ಯೂರಾನ್, ಸುಪೀರಿಯರ್ ಸರೋವರಗಳ ಉತ್ತರ ದಂಡೆಯ ಅನಿಶಿನಾಬೆ ಎಂಬ ಮೂಲನಿವಾಸಿ ಜನರ ಜೊತೆ ಬ್ರಿಟನ್ ರಾಣಿಯ ಹೆಸರಿನಲ್ಲಿ 1850ರಲ್ಲಿ ಆದ ಕರಾರಿನ ಹಣ ಅದು. ನೆಲದ ಆದಾಯ ಹೆಚ್ಚಿದರೆ ವರ್ಷಾಶನವೂ ಹೆಚ್ಚುತ್ತದೆ ಎಂದು ಕರಾರಿನಲ್ಲೇ ಬರೆದಿದೆ. ಆ ನೆಲದ ಮರ ಹೋಯಿತು, ಅಲ್ಲಿನ ಸಡ್‌ಬರಿ ಗಣಿಗಳ ನಿಕ್ಕಲ್ ಹೋಯಿತು. ಆದಾಯ ಹೆಚ್ಚಿತೇ ಎಂದು ಲೆಕ್ಕದ ಪುಸ್ತಕ ತೆಗೆಯಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ, ಪಾಪ. ಕೋರ್ಟಿಗೆ ಹೋಗೋಣವೆಂದರೆ, 1927ರಿಂದ 1951ರವರೆಗೆ ಇಂಥ ದಾವೆಗೆ ಸರ್ಕಾರದ ಅಪ್ಪಣೆಯಿಲ್ಲದೆ ಚಂದಾ ಎತ್ತುವುದೇ ಅಪರಾಧ. ಯಾರ ಮೇಲೆ ದಾವೆಯೋ ಅವರ ಹತ್ತಿರವೇ ಅಪ್ಪಣೆ!

ಕೊನೆಗೆ 2023ರಲ್ಲಿ ಹ್ಯೂರಾನ್ ಕಡೆಯವರಿಗೆ ಹಳೇ ಬಾಕಿಯೆಂದು 1000 ಕೋಟಿ ಡಾಲರ್ ಕೊಡಲು ಸರ್ಕಾರದವರು ಒಪ್ಪಿದರು. ಮರುವರ್ಷ ಸುಪ್ರೀಂ ಕೋರ್ಟ್, ಈ ಜನಕ್ಕೆ ಉಳಿದದ್ದು ವಚನದ ಪೊಳ್ಳು ಚಿಪ್ಪು ಎಂದಿತು. ಕರಾರಾಗಿ 174 ವರ್ಷ. ನಮ್ಮ ತಾತಂದಿರ ಪಾಲುದಾವೆಗಳು ತಲೆ ತಗ್ಗಿಸಬೇಕು.

ಹಾಗೆಂದು ಏನೂ ಏರಿಲ್ಲ ಎನ್ನುವಂತಿಲ್ಲ. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಜೈಲುಗಳಲ್ಲಿ ಮೂಲನಿವಾಸಿಗಳ ಪಾಲು ಶೇ. 12ರಷ್ಟಿದೆ, ಇದು ಬಿಕ್ಕಟ್ಟು, ಶಿಕ್ಷೆ ಕೊಡುವಾಗ ಅವರ ಚರಿತ್ರೆಯನ್ನೂ ನೋಡಿ ಎಂದು ಅದೇ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತ್ತು. ಈಗ ಜನಸಂಖ್ಯೆಯಲ್ಲಿ ಸುಮಾರು ಶೇ. 5 ಇರುವ ಅವರು ಆ ಜೈಲುಗಳಲ್ಲಿ ಮೂರನೇ ಒಂದರಷ್ಟಿದ್ದಾರೆ. ನೋಡಿ, ಈ ಲೆಕ್ಕದ ಪುಸ್ತಕ ಮಾತ್ರ ವರ್ಷ ವರ್ಷ ತಪ್ಪದೆ ತೆರೆಯುತ್ತದೆ.

ಕೆನಡಾದ ಪಶ್ಚಿಮದ ಮೂಲನಿವಾಸಿಗಳ ಜೊತೆಗಿನ ಕರಾರುಗಳಲ್ಲಿ ವರ್ಷಾಶನದ ದರ ಸ್ವಲ್ಪ ಧಾರಾಳ, ತಲೆಗೆ ಐದು ಡಾಲರ್. ಅದನ್ನು ಹಂಚುವುದೇ ಒಂದು ಹಬ್ಬ. ಮೇಜಿನ ಹಿಂದೆ ಗುಮಾಸ್ತ, ಪಕ್ಕದಲ್ಲಿ ಕೆಂಪು ಕೋಟು ತೊಟ್ಟ ಪೊಲೀಸ್. ಸರದಿ ಬಂದವರ ಹೆಸರಿಗೆ ಗುರುತು ಹಾಕಿ, ಐದರ ನೋಟು ಕೊಟ್ಟು, ಕೈ ಕುಲುಕುತ್ತಾರೆ. ಒಂದು ಕಾಫಿಗೆ ಅಡ್ಡಿಯಿಲ್ಲ. ಜೊತೆಗೆ ತಿನ್ನಲು ಏನಾದರೂ ಬೇಕೆಂದರೆ, ಹಿಂದೆ ನಿಂತ ಮಗುವಿನ ನೋಟನ್ನೂ ಇಸಿದುಕೊಳ್ಳಬೇಕು.