ಮೇಜರ್ ರಾಣೆ ಪ್ರತಿಮೆ ಕಾರವಾರದ ಕಡಲತೀರದಲ್ಲೇ ಇರಬೇಕೇ?

ಪರ: ಕದಲಿಸಬೇಡಿ

ರಾಮ ರಾಘೋಬ ರಾಣೆ ಹುಟ್ಟಿದ್ದು ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ, 1918ರ ಜೂನ್ 26ರಂದು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಅವರೇ ಮೊದಲಿಗರು. 2006ರ ನವೆಂಬರ್ 7ರಂದು ಟ್ಯಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಹತ್ತಿರ ಅವರ ಪ್ರತಿಮೆ ಅನಾವರಣಗೊಂಡಿತು. ಹೆದ್ದಾರಿಯಲ್ಲಿ ಗೋವೆಯತ್ತ ಹೊರಟವರೂ ಇಳಿದು ನೋಡಿ ಹೋಗುವ ಜಾಗ ಅದು.

ಯುದ್ಧದಲ್ಲಿ ರಾಣೆ ಮಾಡಿದ್ದು ಸೇನೆಗೆ ದಾರಿ ಬಿಡಿಸುವ ಕೆಲಸ. 1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮು-ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ನೆಲಬಾಂಬ್ ಕಿತ್ತರು, ಅಡ್ಡ ಕೆಡವಿದ್ದ ಪೈನ್ ಮರಗಳನ್ನು ಸಿಡಿಸಿ ಸರಿಸಿದರು. ಮೊದಲ ದಿನವೇ ಗಾಯಗೊಂಡರೂ ಹಿಂದೆ ಸರಿಯಲಿಲ್ಲ. ಕೊನೆಯ ದಿನ 17 ಗಂಟೆ ದುಡಿದರು. ದಾರಿ ತೆರೆದವರ ಪ್ರತಿಮೆ ದಾರಿಯ ಪಕ್ಕದಲ್ಲೇ ಇರಬೇಕು.

ಉಪ್ಪುಗಾಳಿಗೆ ಹೆದರಿ ಒಳಗೆ ಒಯ್ಯುವುದಾದರೆ ಕಾರವಾರದ ದೋಣಿಗಳನ್ನೂ ಒಯ್ಯಬೇಕಾದೀತು. ಉಪ್ಪಿಗೆ ಮದ್ದಿದೆ. ಮಳೆಗಾಲದಲ್ಲಿ ಉಪ್ಪು ತಾನೇ ತೊಳೆದುಹೋಗುತ್ತದೆ. ಅಪಾಯವಿರುವುದು ನವೆಂಬರ್‌ನಿಂದ ಮೇವರೆಗೆ. ಮಧ್ಯಾಹ್ನದ ಕಡಲಗಾಳಿ ತಂದು ಕೂರಿಸಿದ ಉಪ್ಪು ರಾತ್ರಿಯ ತೇವ ಹೀರಿ ಲೋಹವನ್ನು ತಿನ್ನುತ್ತದೆ. ಆ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಸಿಹಿನೀರು, ಮೆತ್ತನೆಯ ಬ್ರಷ್, ಸೌಮ್ಯ ಸೋಪು ಸಾಕು. ಕಂಚಾದರೆ ಪೂರ್ತಿ ಒಣಗಿಸಿ ವರ್ಷಕ್ಕೊಮ್ಮೆ ತೆಳುವಾಗಿ ಮೇಣ ಹಚ್ಚಬೇಕು. ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಲೇಬಾರದು: ಹುಳಿ ಕಂಚಿನ ರಕ್ಷಣಾ ಪದರವನ್ನೇ ಎತ್ತಿಬಿಡುತ್ತದೆ. ತಂತಿಬ್ರಷ್ ಬೇಡವೇ ಬೇಡ.

ಕದಲಿಸುವುದೇ ಹೆಚ್ಚು ಅಪಾಯ. ಪೀಠದೊಳಗಿನ ಸರಳು ಕತ್ತರಿಸಬೇಕು. ಕ್ರೇನಿನ ಪಟ್ಟಿಯನ್ನು ಕೈಗೋ ಕುತ್ತಿಗೆಗೋ ಸುತ್ತಿದರೆ ಅಲ್ಲೇ ಸೀಳು ಬಿಡುತ್ತದೆ. ಪೇಟೆಯ ವೃತ್ತಕ್ಕೆ ತರೋಣವೆಂದರೆ, ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದೇ ಆದೇಶಿಸಿದೆ. ಹುಟ್ಟೂರು ಚೆಂಡಿಯಾಕ್ಕೆ ಒಯ್ಯೋಣವೆಂದರೆ, ಅದೂ ಕಡಲಿಗೆ ದೂರದ ಊರಲ್ಲ.

ವಿರೋಧ: ಚೆಂಡಿಯಾಕ್ಕೆ ಕೊಡಿ

ಕಡಲತೀರದಲ್ಲಿ ನಿಲ್ಲಿಸಿದ್ದೇ ತಪ್ಪೆಂದು ಹೇಳಲಾರೆ. ಆದರೆ ಮೇಣದ ಮಾತು ಹೊರಮೈಗೆ ಮಾತ್ರ ಸರಿ. ಹಾನಿ ಶುರುವಾಗುವುದು ಒಳಗೆ. ಪೀಠದ ಬಿರುಕಿನಿಂದ ಇಳಿದ ಉಪ್ಪುನೀರು ಕಬ್ಬಿಣದ ಸರಳನ್ನು ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಕಡಲ ಸಿಂಚನ ತಾಗುವಲ್ಲಿ ಸರಳಿನ ಮೇಲೆ 50 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು, ಕಾಂಕ್ರೀಟ್ ಎಂ35 ಎಂಬ ಗಟ್ಟಿ ದರ್ಜೆಯದಿರಬೇಕು. ಇದನ್ನು ಕಟ್ಟುವಾಗಲೇ ಮಾಡಬೇಕು, ಆಮೇಲೆ ಬಳಿದು ಸರಿಪಡಿಸಲಾಗದು.

ಚೆಂಡಿಯಾದ ಶಾಲೆಯ ಅಂಗಳದಲ್ಲಿ ಉಪ್ಪನ್ನು ತಾಳಬಲ್ಲ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಸರಳು ಹಾಕಿ, ಉಪ್ಪಿಲ್ಲದ ಮರಳಿನಿಂದ ಹೊಸ ಪೀಠ ಕಟ್ಟಿ, 28 ದಿನ ಬಲಿಯಲು ಬಿಟ್ಟು ಪ್ರತಿಮೆ ಕೂರಿಸಬಹುದು. ಅಲ್ಲಿ ಅವರನ್ನು ನಮ್ಮೂರಿನವರೆಂದು ನೋಡಿಕೊಳ್ಳುವ ಜನರಿದ್ದಾರೆ. ತೀರದಲ್ಲಿ ಜಾಗ ಖಾಲಿ ಬಿಡುವುದೂ ಬೇಡ: ಆ ನಾಲ್ಕು ದಿನಗಳ ದಾರಿಯ ನಕ್ಷೆಯನ್ನು ಗ್ರಾನೈಟ್‌ನಲ್ಲಿ ಕೊರೆದು ನಿಲ್ಲಿಸಲಿ.